ಉಣಿಸುವ ಬೇಲಿ

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಬರೆಯುವ ಲೇಖನವು ಸ್ತ್ರೀಶಿಕ್ಷಣದ ಮಹತ್ವವನ್ನಾಗಲಿ ಶಿಸ್ತಿನ ಅವಶ್ಯಕತೆಯನ್ನಾಗಲಿ ಕುರಿತದ್ದಾಗಿರಬೇಕೆಂಬದು ವಾಡಿಕೆ. ಸಂಪಾದಕ ಮಂಡಲಿಯವರೂ ನನ್ನಿಂದ ಅಂಥದನ್ನೇ ನಿರೀಕ್ಷಿಸಿದ್ದರು. ಆದರೆ ಈ ಸಲ ನಾನು ಕವಳಿಕಂಟಿಯನ್ನು ಕುರಿತು ಬರೆಯುವವಳಿದ್ದೇನೆ. ವಾಚಕರು ನಗಬಾರದು, ವಿನೋದಕ್ಕಾಗಿ ಆರಿಸಿಕೊಂಡ ವಿಷಯವಿದಲ್ಲ. ನನ್ನ ಕೈಯಿಂದ ಆದ ಒಂದು ತಪ್ಪು ಇದರಲ್ಲಿ ಅಡಗಿದೆ. ಆ ತಪ್ಪಿನಿಂದ ನಾನು ಕಲಿತ ಪಾಠವು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ, ಹೊಸದಾಗಿ ಮನೆ ಕಟ್ಟಿಸುತ್ತಿರುವ ತಾಯಂದಿರಿಗೂ ಉಪಯೋಗವಾದೀತೆಂದು ತಿಳಿದು ಅದನ್ನು ಮುಚ್ಚಿಡದೆ ಹೇಳುತ್ತೇನೆ.

ನಾನು ಈ ವಸತಿಗೃಹಕ್ಕೆ ಬಂದದ್ದು 1992ರ ಜೂನ್ ತಿಂಗಳಲ್ಲಿ, ಎಂಟನೆಯ ಇಯತ್ತೆಗೆ. ಆಗ ಅಡಿಗೆಮನೆಯ ಹಿಂದೆ, ಬಾವಿಯಿಂದ ಹಿಡಿದು ಪಡುವಲ ಮೂಲೆಯ ವರೆಗೆ, ಆಳೆತ್ತರದ ಕವಳಿಯ ಬೇಲಿ ಇತ್ತು. ಅದನ್ನು ಯಾರು ಹಚ್ಚಿದರೆಂದು ನಮಗಾರಿಗೂ ತಿಳಿಯದು. ಬೇಸಿಗೆಯ ಸೂಟಿ ಮುಗಿಸಿ, ಮನೆಯನ್ನು ನೆನೆದು ಅಳುತ್ತ ಬಂದ ಹುಡುಗಿಯರಿಗೆ ಮೊದಲು ಸಮಾಧಾನ ಹೇಳುತ್ತಿದ್ದದ್ದು ಆ ಬೇಲಿಯೇ. ಹಸುರಾಗಿದ್ದ ಕಾಯಿ ನಸುಗೆಂಪಾಗಿ, ಕೆಂಪು ಕಪ್ಪಾಗಿ, ಜೂನ್ ಮೊದಲ ಮಳೆಗೆ ಹಣ್ಣು ತುಂಬಿ ನಿಲ್ಲುತ್ತಿತ್ತು. ನಾವು ಮುಳ್ಳುಗಳ ನಡುವೆ ಬೆರಳು ತೂರಿಸಿ ಒಂದೊಂದೇ ಹಣ್ಣು ಕಿತ್ತು, ತೊಟ್ಟಿನ ಹಾಲನ್ನು ಲಂಗಕ್ಕೆ ಒರಸಿ, ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಸಂಜೆಯ ಊಟದ ಗಂಟೆಗಿಂತ ಮೊದಲೇ ಹೊಟ್ಟೆ ಗಂಟೆ ಬಾರಿಸುವ ವಯಸ್ಸು ಅದು. ತುಟಿ ಅಂಟಂಟಾಗಿ, ಹಲ್ಲು ಜುಮ್ಮೆನ್ನುವ ವರೆಗೂ ತಿಂದರೆ ಆ ದಿವಸದ ದುಃಖ ಅರ್ಧ ಇಳಿಯುತ್ತಿತ್ತು.

ಇಪ್ಪತ್ತೆರಡು ವರುಷಗಳ ತರುವಾಯ, 2014ರಲ್ಲಿ, ಅದೇ ಶಾಲೆಯ ಮುಖ್ಯೋಪಾಧ್ಯಾಯಿನಿಯ ಕುರ್ಚಿಯಲ್ಲಿ ನಾನು ಕುಳಿತೆ. ಕುರ್ಚಿಯಲ್ಲಿ ಕುಳಿತವರ ಕಣ್ಣಿಗೆ ಎಲ್ಲವೂ ಬೇರೆಯಾಗಿ ಕಾಣುವದುಂಟು. ಹಿಂದೆ ನನ್ನನ್ನು ಸಂತಯಿಸಿದ ಬೇಲಿಯು ಈಗ ನನಗೆ ಕೊಳಕು ಪೊದೆಯಾಗಿ ಕಂಡಿತು. ಅದರ ಬುಡದಲ್ಲಿ ಹಾವು ಇದ್ದಾವು, ಮುಳ್ಳು ಚುಚ್ಚೀತು, ತಪಾಸಣೆಗೆ ಬಂದ ಅಧಿಕಾರಿಗಳು ಏನೆಂದಾರು ಎಂದು ಯೋಚಿಸಿ 2015ರ ಬೇಸಿಗೆಯಲ್ಲಿ ಅದನ್ನು ಬುಡಸಹಿತ ಕೀಳಿಸಿ ಗೋಡೆ ಕಟ್ಟಿಸಿದೆ. ಗೋಡೆಯ ಮುಂದೆ ಅಂದವಾಗಿರಲೆಂದು ಡುರಾಂಟಾ ಎಂಬ ಗಿಡದ ಸಾಲನ್ನು ಹಚ್ಚಿಸಿದೆ. ಎಲ್ಲ ಊರುಗಳ ಉದ್ಯಾನಗಳಲ್ಲಿಯೂ ಕಚೇರಿಗಳ ಮುಂದೆಯೂ ನೀವು ಅದನ್ನು ಕಂಡಿರುತ್ತೀರಿ. ಬಂಗಾರದ ಬಣ್ಣದ ಎಲೆ. ಕತ್ತರಿಯಿಂದ ಸಮ ಮಾಡಿದರೆ ಗೋಡೆಯಂತೆಯೇ ನಿಲ್ಲುವದು. ಬಂದವರೆಲ್ಲ ಮೆಚ್ಚಿದರು. ನಾನೂ ಹಿಗ್ಗಿದೆ.

ಡುರಾಂಟಾವನ್ನು ಸದಾ ಕತ್ತರಿಸುತ್ತಿದ್ದರೆ ಅದು ಹೂ ಬಿಡುವದು ವಿರಳ. ಮರುವರುಷದ ಬೇಸಿಗೆಯ ಸೂಟಿಯಲ್ಲಿ ಮಾಲಿಯು ಊರಿಗೆ ಹೋದನು. ಗಿಡಗಳು ಸ್ವೇಚ್ಛೆಯಾಗಿ ಬೆಳೆದು, ನೀಲಿ ಹೂ ಬಿಟ್ಟು, ಮಳೆಗಾಲದ ಹೊತ್ತಿಗೆ ಹಳದಿ ಹಣ್ಣಿನ ಗೊಂಚಲುಗಳನ್ನು ಇಳಿಬಿಟ್ಟವು. 2016ರ ಜುಲೈ ತಿಂಗಳ ಒಂದು ಸಂಜೆ ವಸತಿಗೃಹದ ಐದನೆಯ ಇಯತ್ತೆಯ ಹುಡುಗಿಯೊಬ್ಬಳು ಆ ಹಣ್ಣುಗಳನ್ನು ಒಂದು ಮುಷ್ಟಿ ತಿಂದಳು. ರಾತ್ರಿ ವಾಂತಿ ಮೊದಲಾಯಿತು, ಮೈ ಕಾದಿತು, ಕೂಸು ಮಂಕಾಗಿ ಮಲಗಿತು. ಅವಳು ಏನು ತಿಂದಿದ್ದಳೆಂಬದು ನಮಗೆ ತಿಳಿಯಲು ಎರಡು ಗಂಟೆ ಹಿಡಿಯಿತು. ಡುರಾಂಟಾದ ಹಣ್ಣು ವಿಷವೆಂಬದನ್ನು ವಿಜ್ಞಾನವನ್ನು ಕಲಿಸುವ ನಾನು ಆಸ್ಪತ್ರೆಯ ವೈದ್ಯರ ಬಾಯಿಂದ ಕೇಳಬೇಕಾಯಿತು. ಎರಡು ರಾತ್ರಿ ಅವಳ ಮಂಚದ ಬದಿಗೆ ಕುಳಿತಿದ್ದೆ. ಮೂರನೆಯ ದಿನ ಅವಳು ಗಂಜಿ ಕೇಳಿದಳು. ಆ ಒಂದು ಬಟ್ಟಲು ಗಂಜಿಯನ್ನು ನಾನು ಜೀವವಿರುವ ತನಕ ಮರೆಯಲಾರೆ.

ನಮ್ಮ ಅಡಿಗೆಮನೆಯಲ್ಲಿ ಮೂವತ್ತು ವರುಷ ದುಡಿದ ಮುದುಕಿಯೊಬ್ಬಳಿದ್ದಳು. ನಾನು ಹುಡುಗಿಯಾಗಿದ್ದಾಗ ನನಗೂ ಅವಳೇ ಬಡಿಸಿದವಳು. ಆಸ್ಪತ್ರೆಯಿಂದ ತಿರುಗಿ ಬಂದ ಸಂಜೆ ಅವಳು ನನ್ನ ಮುಂದೆ ಚಹ ಇಟ್ಟು, "ಅಕ್ಕೋರ, ಹಸದ ಕೂಸು ಬೇಲಿಗೆ ಕೈ ಹಾಕೇ ಹಾಕತದ. ತಿನ್ನೂ ಬೇಲಿ ಕಡದು ತಿನಬಾರದ ಬೇಲಿ ಹಚ್ಚಿದವರು ನಾವ," ಎಂದಳು. ಕಡಿಸಿದವಳು ನಾನೊಬ್ಬಳೇ ಆಗಿದ್ದರೂ 'ನಾವು' ಎಂದು ಹೇಳಿ ನನ್ನ ತಪ್ಪಿನಲ್ಲಿ ತಾನೂ ಪಾಲು ತೆಗೆದುಕೊಂಡಳು. ಬೇಲಿಯೇ ಎದ್ದು ಹೊಲ ಮೇಯಿತೆಂಬ ಗಾದೆಯನ್ನು ನಾನು ಎಷ್ಟೋ ಸಲ ವರ್ಗದಲ್ಲಿ ವಿವರಿಸಿದ್ದೆ. ಅದರ ಅರ್ಥ ನನಗಾದದ್ದು ಅಂದು.

ಈಗ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಏನನ್ನು ನೆಡುತ್ತೇವೆಂಬದು ಅಲಂಕಾರದ ಪ್ರಶ್ನೆಯಲ್ಲ, ಹೊಣೆಯ ಪ್ರಶ್ನೆ. ಮನೆಗಾಗಲಿ ಶಾಲೆಗಾಗಲಿ ಗಿಡದ ಬೇಲಿ ಬೇಕಾದರೆ ಅದು ತಿನ್ನುವ ಹಣ್ಣಿನದಾಗಿರಲಿ. ಗೋಡೆಯೇ ಇದ್ದರೂ ಅದರ ಒಳಬದಿಗೆ ಹಣ್ಣಿನ ಪೊದೆ ಒಂದಾದರೂ ಇರಲಿ. ಅದಕ್ಕೆ ತಕ್ಕ ಗಿಡಗಳನ್ನು ಪರದೇಶದಿಂದ ತರಿಸಬೇಕಾದದ್ದಿಲ್ಲ. ನಾವು ಕಡಿದು ಒಲೆಗೆ ಹಾಕಿದ ಗಿಡಗಳೇ ಅವು.

ಅವುಗಳಲ್ಲಿ ಮೊದಲ ಸ್ಥಾನ ಕವಳಿಯದು. ಧಾರವಾಡ ಬೆಳಗಾವಿಗಳ ಕಡೆಗೆ ಕವಳಿ, ಕರಾವಳಿಯಲ್ಲಿ ಕರಂಡೆ, ಮರಾಠಿಯಲ್ಲಿ ಕರವಂದ, ಹಿಂದಿಯಲ್ಲಿ ಕರೌಂದಾ ಎಂದು ಇದಕ್ಕೆ ಹೆಸರು. ಸಂಸ್ಕೃತದಲ್ಲಿ ಇದು ಕರಮರ್ದ. ಅಮರಕೋಶದಲ್ಲಿಯೂ ಈ ಹೆಸರು ಬಂದಿದೆ. ಸಸ್ಯಶಾಸ್ತ್ರಜ್ಞರು ಇದನ್ನು ಕ್ಯಾರಿಸ್ಸಾ ಕರಂಡಾಸ್ ಎಂದು ಕರೆಯುವರು. ನಮ್ಮ ಕರಂಡೆಯೇ ಅವರ ಕರಂಡಾಸ್ ಎಂಬದನ್ನು ವಿವರಿಸಿ ಹೇಳಬೇಕಾದದ್ದಿಲ್ಲ. ಗುಡ್ಡದ ಕವಳಿ ಸಣ್ಣದು, ಬಹಳ ಸಿಹಿ. ತೋಟಕ್ಕೆಂದು ಆರಿಸಿದ ಜಾತಿಗಳ ಕಾಯಿ ದೊಡ್ಡದು, ಹುಳಿ ಹೆಚ್ಚು. ಕೊಂಕಣದ ದಾಪೋಲಿಯ ಕೃಷಿ ವಿದ್ಯಾಪೀಠದವರ 'ಕೊಂಕಣ ಬೋಲ್ಡ್', ಪಂತನಗರದವರ 'ಪಂತ ಮನೋಹರ', 'ಪಂತ ಸುದರ್ಶನ', 'ಪಂತ ಸುವರ್ಣ' ಎಂಬವು ಇಂಥ ಆರಿಸಿದ ಜಾತಿಗಳು.

ಕವಳಿಯನ್ನು ಹಳ್ಳಿಗರ ಹಣ್ಣೆಂದು ಹಳಿಯುವ ಸಹೋದರಿಯರಿಗೆ ಒಂದು ಗುಟ್ಟು ಹೇಳುತ್ತೇನೆ. ಮಗುವಿನ ಹುಟ್ಟುಹಬ್ಬಕ್ಕೆ ಬೇಕರಿಯಿಂದ ತಂದ ಕೇಕಿನ ಮೇಲೆ ಕೆಂಪಗೆ ಹೊಳೆಯುವ ಚೆರಿ ಹಣ್ಣನ್ನು ಮಕ್ಕಳು ಜಗಳಾಡಿ ಕಿತ್ತು ತಿನ್ನುವದನ್ನು ನೀವು ನೋಡಿದ್ದೀರಿ. ನಮ್ಮ ದೇಶದ ಬೇಕರಿಗಳಲ್ಲಿ ಚೆರಿ ಎಂಬ ಹೆಸರಿನಿಂದ ಮಾರುವದು ಬಹುಮಟ್ಟಿಗೆ ಕವಳಿಕಾಯಿಯೇ. ಬೀಜ ತೆಗೆದು, ಸಕ್ಕರೆಯ ಪಾಕದಲ್ಲಿ ಊರಹಾಕಿ, ಕೆಂಪು ಬಣ್ಣ ಕೊಟ್ಟು ಅದನ್ನು ಸಿದ್ಧಪಡಿಸುವರು. ಬೇಲಿಯಲ್ಲಿದ್ದಾಗ ಬೇಡವಾದದ್ದು ಬಣ್ಣ ಹಚ್ಚಿಕೊಂಡು ಪರದೇಶದ ಹೆಸರಿನಿಂದ ಬಂದಾಗ ಬೇಕಾಯಿತು! ಹಣ್ಣಿನ ವಿಷಯದಲ್ಲಿ ಮಾತ್ರವೇ ನಾವು ಹೀಗೆ ಮೋಸಹೋಗುತ್ತೇವೆಯೋ ಎಂದು ವಾಚಕರು ತಾವೇ ಯೋಚಿಸಲಿ.

'ಬೇಕಾದರೆ ಪೇಟೆಯಲ್ಲಿ ಕೊಂಡರಾಯಿತು, ಬೆಳೆಯುವದೇಕೆ?' ಎಂದು ಕೆಲವರು ಕೇಳುವರು. ಈ ಹಣ್ಣುಗಳ ಸ್ವಭಾವವನ್ನು ತಿಳಿಯದ್ದರಿಂದ ಬಂದ ಪ್ರಶ್ನೆ ಇದು. ಪೂರ್ಣ ಹಣ್ಣಾದ ಕವಳಿ ಎರಡು ಮೂರು ದಿವಸಕ್ಕಿಂತ ಹೆಚ್ಚು ತಾಳದು. ಹಿಪ್ಪುನೇರಳೆಯ ಹಣ್ಣು ಬುಟ್ಟಿಯಲ್ಲಿ ಒಂದು ಹಗಲು ಕಳೆಯುವದರೊಳಗೆ ರಸವಾಗಿ ಸೋರುವದು. ಫಾಲ್ಸಾ ಹಣ್ಣೂ ಅಂಥದೇ. ಸೇಬಿನಂತೆ ಸಾವಿರ ಮೈಲು ಪ್ರಯಾಣ ಮಾಡುವ ಶಕ್ತಿ ಇವಕ್ಕಿಲ್ಲ. ಆದ್ದರಿಂದಲೇ ಅಂಗಡಿಕಾರರು ಇವನ್ನು ಕೈಯಲ್ಲಿ ಹಿಡಿಯುವದಿಲ್ಲ. ಪಡುವಲ ಕಾಡಂಚಿನ ಹಳ್ಳಿಯ ಹೆಂಗಸರು ಮೇ ತಿಂಗಳಲ್ಲಿ ಬುಟ್ಟಿ ಹೊತ್ತು ತರುವಷ್ಟೇ ಪೇಟೆಗೆ ಬರುವ ಕವಳಿ. ಗುಡ್ಡದ ಕಂಟಿಗಳು ಕಡಿಮೆಯಾದಂತೆ ಆ ಬುಟ್ಟಿಗಳೂ ಕಡಿಮೆಯಾಗದೆ ಇರವು. ಹೀಗಿರುವದರಿಂದ ಇವುಗಳ ನಿಜವಾದ ರುಚಿ ಬೆಳೆದವರಿಗೆ ಮಾತ್ರ ದಕ್ಕುವಂಥದು.

ಬೆಳೆಯುವ ಕ್ರಮವು ಕಠಿಣವಲ್ಲ. ಚೆನ್ನಾಗಿ ಹಣ್ಣಾದ ಕವಳಿಯ ಬೀಜಗಳನ್ನು ತೊಳೆದು, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತಬೇಕು. ಇಟ್ಟಷ್ಟೂ ಬೀಜದ ಜೀವ ಕಡಿಮೆಯಾಗುವದು. ಮಣ್ಣು ಗೊಬ್ಬರ ತುಂಬಿದ ಕೊಟ್ಟೆಗಳಲ್ಲಿ ಸಸಿ ಮಾಡಿ ಒಂದು ವರುಷ ಸಲಹಿ, ಮುಂದಿನ ಮಳೆಗಾಲದ ಆರಂಭದಲ್ಲಿ ನೆಡಬಹುದು. ಬೇಲಿಗಾದರೆ ಮೂರು ಅಡಿಗೊಂದು ಗಿಡ. ಒಂಟಿಗಿಡವಾದರೆ ಎಂಟು ಹತ್ತು ಅಡಿಯ ಜಾಗ ಬಿಡಬೇಕು. ಒಂದೂವರೆ ಅಡಿಯ ಗುಂಡಿ, ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ, ಬಿಸಿಲು, ನೀರು ನಿಲ್ಲದ ನೆಲ, ಇಷ್ಟು ಸಾಕು. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಬೇಕು. ಬೇರೂರಿದ ಮೇಲೆ ಅದು ಬರಗಾಲವನ್ನೂ ತಾಳುವದು. ಮೂರು ನಾಲ್ಕನೆಯ ವರುಷಕ್ಕೆ ಫಲ ಬರುವದು. ಹಣ್ಣು ಮುಗಿದ ಕೂಡಲೆ ಕೊಂಬೆಗಳನ್ನು ಸವರಿ, ಬುಡದಿಂದ ಒಂದು ಅಡಿಯ ವರೆಗೆ ಬೋಳಾಗಿ ಇಟ್ಟರೆ ಕಸ ಸೇರದು, ಹಾವಿನ ಭಯವೂ ಇರದು. ಬೇಲಿಯನ್ನು ಕೀಳಿಸುವದಕ್ಕೆ ಮೊದಲು ಈ ಒಂದು ಅಡಿಯ ಉಪಾಯ ನನಗೆ ಹೊಳೆಯಲಿಲ್ಲವಲ್ಲ ಎಂದು ಈಗ ನಾಚುತ್ತೇನೆ.

ಮುಳ್ಳು ಬೇಡವೆನ್ನುವವರಿಗೆ ಹಿಪ್ಪುನೇರಳೆ ಇದೆ. ರೇಷ್ಮೆಗೆ ಹೆಸರಾದ ನಮ್ಮ ನಾಡಿನಲ್ಲಿ ಆ ಗಿಡವನ್ನು ಕಾಣದ ಜಿಲ್ಲೆ ಅಪರೂಪ. ಆದರೆ ರೈತರು ಅದನ್ನು ಎಲೆಗಾಗಿ ಬೆಳೆಯುವದರಿಂದ ಹಣ್ಣಿನ ಕಡೆಗೆ ಲಕ್ಷ್ಯ ಹೋದದ್ದು ಕಡಿಮೆ. ಬೆರಳು ದಪ್ಪದ, ಮೂರು ನಾಲ್ಕು ಕಣ್ಣುಗಳುಳ್ಳ ಕಡ್ಡಿಯನ್ನು ಮಳೆಗಾಲದಲ್ಲಿ ಊರಿದರೆ ಸಾಕು, ಚಿಗುರುವದು. ಉತ್ತರ ಹಿಂದೂಸ್ಥಾನದಲ್ಲಿ ಬೇಸಿಗೆಯ ಶರಬತ್ತಿಗೆ ಹೆಸರಾದ ಫಾಲ್ಸಾ ಗಿಡವೂ ನಮ್ಮ ಒಣನೆಲಕ್ಕೆ ಒಗ್ಗುವಂಥದು. ಅದರ ಹಣ್ಣು ಹೊಸ ಚಿಗುರಿನಲ್ಲಿ ಬರುವದರಿಂದ ವರುಷಕ್ಕೊಮ್ಮೆ, ಚಳಿಗಾಲದಲ್ಲಿ, ಧೈರ್ಯದಿಂದ ಸವರಬೇಕು. ಕನಿಕರಪಟ್ಟು ಬಿಟ್ಟರೆ ಹಣ್ಣಿಲ್ಲ. ಕಾಗದದಂಥ ಬುಡ್ಡೆಯೊಳಗೆ ಹಳದಿ ಹಣ್ಣು ಬಿಡುವ ಬುಡ್ಡೆಹಣ್ಣಿನ ದೊಡ್ಡ ಜಾತಿಯನ್ನು ಕುಂಡದಲ್ಲಿಯೂ ಬೆಳೆಯಬಹುದು. ಅದು ದಕ್ಷಿಣ ಅಮೇರಿಕೆಯ ಬೆಟ್ಟಗಳಿಂದ ಬಂದು ನಮ್ಮಲ್ಲಿ ನೆಲೆಸಿದೆ; ನೀಲಗಿರಿಯಲ್ಲಿ ತನ್ನಷ್ಟಕ್ಕೇ ಬೆಳೆಯುವದು. ಕರಾವಳಿಯ ಸಹೋದರಿಯರ ಅಂಗಳದಲ್ಲಿ ಹೂವಿಗೆಂದು ಇಟ್ಟ ಕೇಪಳ ಹೇಗೂ ಇರುವದು. ಅದರ ಮಾಗಿದ ಕೆಂಪು ಹಣ್ಣನ್ನು ಅವರ ಅಜ್ಜಿಯರು ಬಾಲ್ಯದಲ್ಲಿ ತಿಂದವರೇ.

ಇನ್ನು ಅಡಿಗೆಮನೆಯ ಮಾತು. ಕವಳಿಕಾಯಿಯನ್ನು ಹೆಚ್ಚುವ ಮೊದಲು ಕೈಗೂ ಈಳಿಗೆಗೂ ತುಸು ಎಣ್ಣೆ ಸವರಿಕೊಳ್ಳಬೇಕು; ಇಲ್ಲದಿದ್ದರೆ ಹಾಲು ಅಂಟಿ ಬಿಡದು. ಉಪ್ಪುನೀರಿನಲ್ಲಿ ಒಂದಿಷ್ಟು ಹೊತ್ತು ನೆನೆಯಿಟ್ಟರೆ ಅಂಟೂ ಒಗರೂ ಕಡಿಮೆಯಾಗುವವು. ಎಳೆಯ ಕಾಯಿಯನ್ನು ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಹುರಿದ ಶೇಂಗಾದ ಸಂಗಡ ಅರೆದ ಚಟ್ನಿ ಜೋಳದ ರೊಟ್ಟಿಗೆ ಹೇಳಿ ಮಾಡಿಸಿದ್ದು. ಉಪ್ಪಿನಕಾಯಿಯು ವರುಷಗಟ್ಟಲೆ ಇರುವದು. ಜೆಲ್ಲಿ ಮಾಡಬೇಕಾದರೆ ಪೂರ್ಣ ಹಣ್ಣಾದವುಗಳೊಂದಿಗೆ ಅರೆಹಣ್ಣುಗಳನ್ನೂ ಸೇರಿಸಿ, ಮುಳುಗುವಷ್ಟು ನೀರಿನಲ್ಲಿ ಮೆತ್ತಗಾಗುವಂತೆ ಬೇಯಿಸಿ, ತೆಳುವಾದ ಅರಿವೆಯಲ್ಲಿ ಹಿಂಡದೆ ಸೋಸಿ, ಬಂದ ರಸಕ್ಕೆ ಸಮನಾಗಿ ಸಕ್ಕರೆ ಹಾಕಿ ಕುದಿಸಬೇಕು. ಚಮಚದಿಂದ ಹನಿಯಾಗಿ ಬೀಳದೆ ಹಾಳೆಯಂತೆ ಜಾರಿದಾಗ ಇಳಿಸಬೇಕು. ಗಟ್ಟಿಗೊಳಿಸುವ ಪೆಕ್ಟಿನ್ ಎಂಬ ವಸ್ತು ಆ ಹಣ್ಣಿನಲ್ಲಿಯೇ ಇರುವದರಿಂದ ಬೇರೇನನ್ನೂ ಬೆರಸಬೇಕಾಗಿಲ್ಲ. ಸೀಸೆಯಲ್ಲಿ ತುಂಬಿ ಬೆಳಕಿಗೆ ಹಿಡಿದರೆ ಮಾಣಿಕದ ಬಣ್ಣ. ಅದಕ್ಕೆ ಯಾವ ಬೇಕರಿಯ ಬಣ್ಣವೂ ಸಾಟಿಯಲ್ಲ.

ಹೆಣ್ಣುಮಕ್ಕಳ ಶಾಲೆಯವಳಾದ ನಾನು ಇನ್ನೊಂದು ಮಾತನ್ನು ಹೇಳದೆ ಇರಲಾರೆ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರು. ಬೆಳಗಿನ ಪ್ರಾರ್ಥನೆಯಲ್ಲಿ ಸಾಲಾಗಿ ನಿಂತ ಹುಡುಗಿಯರನ್ನು ನೋಡುವಾಗ ಈ ಸಂಖ್ಯೆ ನನ್ನ ಕಣ್ಣಮುಂದೆ ಬರುವದು. ಕವಳಿ ಇದಕ್ಕೆ ಔಷಧವೆಂದು ಹೇಳುವ ಮೂಢಳು ನಾನಲ್ಲ. ರಕ್ತಹೀನತೆಗೆ ವೈದ್ಯರ ಸಲಹೆಯೂ ಕಬ್ಬಿಣಾಂಶದ ಗುಳಿಗೆಗಳೂ ಬೇಕೇ ಬೇಕು. ಆದರೆ ಧಾನ್ಯ ಮತ್ತು ಸೊಪ್ಪುಗಳಲ್ಲಿರುವ ಕಬ್ಬಿಣಾಂಶವು ಮೈಗೆ ಹತ್ತಬೇಕಾದರೆ ಊಟದಲ್ಲಿ 'ಸಿ' ಜೀವಸತ್ವ ಇರುವದು ಸಹಾಯಕ; ಊಟದೊಡನೆ ಕುಡಿಯುವ ಚಹ ಅದಕ್ಕೆ ಅಡ್ಡಿ. ಹುಳಿಹಣ್ಣುಗಳಲ್ಲಿ ಆ ಜೀವಸತ್ವವುಂಟು. ಆದರೆ ಕಾಯಿಸಿದಷ್ಟೂ ಅದು ನಾಶವಾಗುವದರಿಂದ ಹಸಿಯಾದ ಹಣ್ಣಿಗೂ ಚಟ್ನಿಗೂ ಇರುವ ಗುಣ ಜೆಲ್ಲಿಗೆ ಇಲ್ಲ. ರೊಟ್ಟಿ, ಸೊಪ್ಪಿನ ಪಲ್ಯ, ಅದರ ಬದಿಗೆ ಒಂದು ಚಮಚ ಕವಳಿಯ ಚಟ್ನಿ, ಇದು ನಮ್ಮ ಅಜ್ಜಿಯರು ಜೀವಸತ್ವಗಳ ಹೆಸರು ತಿಳಿಯದೆ ಹಾಕಿಕೊಟ್ಟ ಪದ್ಧತಿ.

ಮುಳ್ಳು ಚುಚ್ಚುವದೆಂಬ ಆಕ್ಷೇಪಣೆಗೆ ಉತ್ತರ ಸುಲಭ: ಓಡಾಡುವ ದಾರಿಯಿಂದ ನಾಲ್ಕು ಅಡಿ ದೂರ ನೆಡಿರಿ. ಒಂದೆರಡು ಗೀರುಗಳಿಂದ ಯಾವ ಹುಡುಗಿಯೂ ಕೆಟ್ಟವಳಲ್ಲ. ಹಕ್ಕಿಗಳು ತಿಂದುಹೋಗುವವೆಂದರೆ, ತಿನ್ನಲಿ. ಪಾಲು ಬೇಡುವವರಿಲ್ಲದ ಮನೆ ಅದೆಂಥ ಮನೆ? ದಾರಿಹೋಕ ಮಕ್ಕಳು ಕದಿಯುವರೆಂಬದೇ ಹೆಚ್ಚಿನ ತಾಯಂದಿರ ದೂರು. ಅದಕ್ಕೆ ನನ್ನ ಉತ್ತರವಿಷ್ಟೆ: ಹೊರಚಾಚಿದ ಕೊಂಬೆಯನ್ನು ಬೀದಿಯ ಮಕ್ಕಳಿಗೆ ಬಿಟ್ಟುಕೊಟ್ಟವಳಿಗೆ ಒಳಗಿನ ಹಣ್ಣು ಎಂದೂ ಕಡಿಮೆ ಬಿದ್ದದ್ದನ್ನು ನಾನು ಕಂಡಿಲ್ಲ.

ಆದರೆ ಗಿಡಗಳನ್ನು ನೆಟ್ಟರೆ ಮಾತ್ರ ಸಾಲದು. ಅವುಗಳ ಹೆಸರನ್ನೂ ಗುಣವನ್ನೂ ಮಕ್ಕಳಿಗೆ ಕಲಿಸಬೇಕು. ಅಂದು ಆ ಕೂಸನ್ನು ಮೋಸಗೊಳಿಸಿದ್ದು ಹಸಿವೊಂದೇ ಅಲ್ಲ, ಅಜ್ಞಾನವೂ. ಅದೂ ಅವಳ ಅಜ್ಞಾನವಲ್ಲ, ನನ್ನದು. ಕವಳಿಯ ಕುಟುಂಬಕ್ಕೇ ಸೇರಿದ ಕಣಗಿಲವು ಘೋರವಾದ ವಿಷ. ಎರಡರಲ್ಲಿಯೂ ಬಿಳಿಯ ಹಾಲುಂಟು. ಗಣಿಕೆಯ ಕಪ್ಪುಹಣ್ಣನ್ನು ತಿನ್ನಬಹುದು, ಹಸುರು ಕಾಯಿಯನ್ನು ತಿನ್ನಬಾರದು. ಬುಡ್ಡೆಹಣ್ಣೂ ಹಾಗೆಯೇ. ಲಂಟಾನಾದ ಹಸುರು ಕಾಯಿ ಅಪಾಯಕರ. ಗುರುತು ತಿಳಿಯದ ಹಣ್ಣನ್ನು ದೊಡ್ಡವರಿಗೆ ತೋರಿಸದೆ ಬಾಯಿಗೆ ಹಾಕಬಾರದೆಂಬದು ಮೊದಲನೆಯ ಪಾಠವಾಗಬೇಕು. ಗಿಡಗಳ ಹೆಸರನ್ನು ಕಲಿಯುವದು ಹಳ್ಳಿಗರ ಕೆಲಸವೆಂದು ತಿಳಿಯುವವರಿಗೆ ಇಬ್ಬರನ್ನು ನೆನಪಿಸುತ್ತೇನೆ. ಮಿಶನರಿಯಾಗಿ ಬಂಗಾಲಕ್ಕೆ ಬಂದ ವಿಲಿಯಂ ಕೇರಿಯವರು ಶ್ರೀರಾಮಪುರದಲ್ಲಿ ಸ್ವತಃ ಸಸ್ಯೋದ್ಯಾನವನ್ನು ಬೆಳೆಸಿ, 1820ರಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವನ್ನು ಸ್ಥಾಪಿಸಿದರು. ನಮ್ಮ ಕನ್ನಡಕ್ಕೆ 1894ರಲ್ಲಿ ಮಹಾಕೋಶವನ್ನು ಕೊಟ್ಟ ಕಿಟ್ಟೆಲರು ಗಿಡಮರಗಳ ಹೆಸರುಗಳನ್ನೂ ಆದರದಿಂದ ಅದರಲ್ಲಿ ಸೇರಿಸಿದರು. ದೂರದಿಂದ ಬಂದವರು ಇಷ್ಟು ಶ್ರಮಪಟ್ಟು ಕೂಡಿಸಿದ ಹೆಸರುಗಳನ್ನು ಇಲ್ಲಿಯೇ ಹುಟ್ಟಿದ ನಾವು ಮರೆಯಬಹುದೇ?

ಡುರಾಂಟಾದ ಸಾಲನ್ನು ನಾನು ಆ ವಾರವೇ ಕೀಳಿಸಿದೆ. 2017ರ ಜೂನ್ ತಿಂಗಳಲ್ಲಿ ಗೋಡೆಯ ಒಳಬದಿಗೆ ನಲವತ್ತು ಕವಳಿಯ ಸಸಿಗಳನ್ನು ಹುಡುಗಿಯರು ನೆಟ್ಟರು. ಮೂಲೆಯಲ್ಲಿ ಎರಡು ಹಿಪ್ಪುನೇರಳೆ. ಮೊದಲನೆಯ ಸಸಿಯನ್ನು ಅಡಿಗೆಮನೆಯ ಮುದುಕಿಯೂ ಆಸ್ಪತ್ರೆಯಿಂದ ಬದುಕಿ ಬಂದ ಹುಡುಗಿಯೂ ಕೂಡಿ ನೆಟ್ಟರು. ಮೂವತ್ತೊಂದು ಉಳಿದವು. ಮುದುಕಿ ಅವುಗಳ ಹಣ್ಣನ್ನು ಎರಡು ವರುಷ ಕಂಡಳು; ಈಗ ಅವಳಿಲ್ಲ. ಆ ಹುಡುಗಿ ಇಲ್ಲಿಂದ ತೇರ್ಗಡೆಯಾಗಿ ಹೋಗಿದ್ದಾಳೆ. ಆದರೆ ಪ್ರತಿ ಜೂನ್ ತಿಂಗಳಲ್ಲಿ ಮನೆಯನ್ನು ನೆನೆದು ಅಳುತ್ತ ಬರುವ ಹೊಸ ಮಕ್ಕಳು ಎರಡು ದಿವಸದೊಳಗೆ ಆ ಸಾಲನ್ನು ಹುಡುಕಿಕೊಳ್ಳುವರು. ಅಲ್ಲಿ ನಿಂತವರನ್ನು ನಾನು ಕರೆದು ಗದರಿಸುವದಿಲ್ಲ.

ಈ ಮಳೆಗಾಲಕ್ಕೆಂದು ಶಾಲೆಯಲ್ಲಿ ನೂರು ಸಸಿಗಳನ್ನು ಕೊಟ್ಟೆಗಳಲ್ಲಿ ಬೆಳೆಸಿದ್ದೇವೆ. ಹಳೆಯ ವಿದ್ಯಾರ್ಥಿನಿಯರು ಸಮ್ಮೇಲನಕ್ಕೆ ಬಂದಾಗ ತಲೆಗೊಂದರಂತೆ ಒಯ್ಯಬೇಕೆಂದು ಪ್ರಾರ್ಥನೆ. ಅಂಗಳವಿಲ್ಲದವರು ತಮ್ಮ ಓಣಿಯ ಶಾಲೆಗೋ ಅಂಗನವಾಡಿಗೋ ಕೇಳಿಕೊಂಡು ಅಲ್ಲಿ ನೆಡಲಿ. ಗುಂಡಿಯನ್ನು ಮಾತ್ರ ಮಳೆ ಬೀಳುವ ಮುಂಚೆಯೇ ತೋಡಿಸಿಟ್ಟಿರಿ.